ಬೇಡ ಎಂದ ನಗುಮುಖ

ಆಪರೇಷನ್ ವಾರ್ಡಿನಲ್ಲಿ ಹದಿನೇಳು ವರ್ಷ ದುಡಿದ ಆ ನರ್ಸನ್ನು ಎಲ್ಲರೂ ದೊಡ್ಡ ಸಿಸ್ಟರ್ ಎಂದೇ ಕರೆಯುತ್ತಿದ್ದರು. ರೋಗಿಯನ್ನು ಒಳಗೆ ಕರೆದೊಯ್ಯುವ ಮುನ್ನ ಮನೆಯವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದು ಅವಳ ಪಾಲಿನ ಕೆಲಸ. ಅದೇನು ಹೂವೆತ್ತಿದಷ್ಟು ಹಗುರದ್ದಲ್ಲ. ಒಬ್ಬರು ಅಳುತ್ತಾರೆ, ಒಬ್ಬರು ಜಗಳಕ್ಕೆ ನಿಲ್ಲುತ್ತಾರೆ, ಭಾವನನ್ನು ಕೇಳಿ ಬರುತ್ತೇನೆಂದು ಹೋದವರು ಸಂಜೆಯಾದರೂ ಪತ್ತೆಯಿರುವುದಿಲ್ಲ.

ಒಂದು ಬೆಳಗ್ಗೆ ಎದ್ದಾಗ ಅವಳ ಬಲಗೆನ್ನೆ ಜೋತುಬಿದ್ದಿತ್ತು. ನರದ ಕಾಯಿಲೆ, ತಾನಾಗಿ ವಾಸಿಯಾಗುತ್ತದೆ ಎಂದರು. ಆಯಿತು ಕೂಡ. ಆದರೆ ನರಗಳು ಹೇಗ್ಹೇಗೋ ಕೂಡಿಕೊಂಡು, ಕೆನ್ನೆ ಬಿಗಿದು, ತುಟಿಯ ತುದಿ ಮೇಲಕ್ಕೆ ಸೆಳೆದುಕೊಂಡಿತು. ಕನ್ನಡಿಯಲ್ಲಿ ನೋಡಿದರೆ ಮಗುವನ್ನು ಸಂತೈಸುವ ತಾಯಿಯ ನಗು. ನಿದ್ದೆಯಲ್ಲೂ ಅದು ಹೋಗುವುದಿಲ್ಲ ಎಂದ ಗಂಡ, ಅಂದಿನಿಂದ ಗೋಡೆಯ ಕಡೆ ತಿರುಗಿ ಮಲಗತೊಡಗಿದ.

ವಾರ್ಡಿನಲ್ಲಿ ಮಾತ್ರ ಕೆಲಸ ಸಲೀಸಾಯಿತು. ಜನ ಅವಳ ಮುಖ ನೋಡುವುದೇ ತಡ, ಹೆಗಲು ಸಡಿಲಿಸಿ, ಒಂದಕ್ಷರ ಓದದೆ ಸಹಿ ಹಾಕುತ್ತಿದ್ದರು.

"ಸಿಸ್ಟರ್, ಆ ಮುಖ ಒಂದಿನ ನನಗೂ ಕೊಡಿ, ಮನೇಲಿ ಬೇಕಾಗುತ್ತೆ" ಎಂದು ಸರ್ಜನ್ ತಮಾಷೆ ಮಾಡಿದ. ಅವಳಿಗೆ ಮೈ ಉರಿಯಿತು. ಅದು ಅವನಿಗೆ ಕಾಣಲಿಲ್ಲ.

ಹೀಗಿರುವಾಗ ಎಂಬತ್ತು ದಾಟಿದ ಮುದುಕನೊಬ್ಬನನ್ನು ಅವನ ಮಗಳು ಕರೆತಂದಳು. ಬಟ್ಟೆ ಹೊಲಿದು ಬದುಕುವ ಹೆಂಗಸು. ಮುದುಕನ ಎದೆ ತೀರಾ ದುರ್ಬಲ. ಆಪರೇಷನ್‌ಗೆ ಒಳಗೆ ಹೋದರೆ ಹಿಂದಿರುಗುವುದು ಕಷ್ಟ ಎಂದು ಸಿಸ್ಟರ್‌ಗೆ ಅನ್ನಿಸಿತು. ಸರ್ಜನ್‌ಗೆ ಹೇಳಿದಳು. "ನಾನಿದೀನಲ್ಲ" ಎಂದು ಅವನು ಕಾಗದ ಕೈಗಿತ್ತ.

ಅವಳು ಮಗಳ ಎದುರು ಕೂತು, ದನಿ ತಗ್ಗಿಸಿ, "ಸಹಿ ಹಾಕಬೇಡಮ್ಮ. ಮೊದಲು ಇನ್ನೊಬ್ಬ ಡಾಕ್ಟರಿಗೆ ತೋರಿಸು" ಎಂದಳು.

ಮಗಳು ಅವಳ ಮುಖವನ್ನೇ ನೋಡುತ್ತಿದ್ದಳು. ಕಣ್ಣು ನಿಧಾನಕ್ಕೆ ತುಂಬಿ ಬಂತು. "ಸರಿ ಅಕ್ಕಾ. ನೀವು ಇಷ್ಟು ಹೇಳಿದ ಮೇಲೆ ನನಗ್ಯಾಕೆ ಭಯ?" ಎಂದು ಪೆನ್ನು ತೆಗೆದುಕೊಂಡಳು.

"ನಾನು ಬೇಡ ಅಂತಿದೀನಿ."

"ಹ್ಞೂಂ ಅಕ್ಕಾ, ಗೊತ್ತಾಯ್ತು." ಸಹಿ ಬಿತ್ತು.

ಮುದುಕ ಮೂರನೆಯ ದಿನ ತೀರಿಕೊಂಡ. ಮಗಳು ಬಂದು ಸಿಸ್ಟರ್ ಕೈ ಎರಡನ್ನೂ ಹಿಡಿದಳು. "ನೀವು ಒಂದು ಮಾತು ಬೇಡ ಅಂದಿದ್ರೆ ನಾನು ಹಾಕ್ತಾನೇ ಇರ್ಲಿಲ್ಲ ಅಕ್ಕಾ. ನೀವೇ ಧೈರ್ಯ ಹೇಳಿದ್ರಿ."

ಆ ಕೈಗಳಲ್ಲಿ ಸುಳ್ಳಿರಲಿಲ್ಲ. ತನ್ನ ಬಾಯಿಂದ ಅಂದು ಹೊರಟದ್ದಾದರೂ ಯಾವ ಮಾತು ಎಂದು ಸಿಸ್ಟರ್‌ಗೇ ಅನುಮಾನ ಬಂತು.

ಈ ಕೆಲಸ ತನಗೆ ಬೇಡ, ಬೇರೆ ಯಾರಿಗಾದರೂ ವಹಿಸಿ ಎಂದು ಸರ್ಜನ್ ಬಳಿ ಹೋಗಿ ಅತ್ತಳು. ಅವನು ಅವಳನ್ನು ನೋಡಿ ತಾನೂ ಮುಗುಳ್ನಕ್ಕ. "ನಿಮ್ಮಂಥವರು ಖುಷಿಯಾಗಿರೋದೇ ನಮ್ಮ ಪುಣ್ಯ. ಏಳನೇ ಮಂಚದ್ದು ಸಹಿ ರೆಡಿ ಮಾಡಿ."

ಏಳನೆಯ ಮಂಚದಲ್ಲಿ ಒಬ್ಬ ಹೆಂಗಸು ಮಂಪರಿನಲ್ಲಿ ಮಲಗಿದ್ದಳು. ಪಕ್ಕದಲ್ಲಿ ಗಂಡ, ಬಸ್ ಡ್ರೈವರ್, ಖಾಕಿಯಲ್ಲೇ ಕೂತಿದ್ದ. ಸಿಸ್ಟರ್ ಮಂಚದ ಸುತ್ತಲಿನ ಪರದೆ ಎಳೆದು, ತಾನು ಹೊರಗೆ ನಿಂತಳು. ಕಾಗದವನ್ನು ಪರದೆಯ ಅಡಿಯಿಂದ ಒಳಕ್ಕೆ ಸರಿಸಿದಳು.

"ಇದಕ್ಕೆ ಸಹಿ ಬೇಕು ಅಂತಾರೆ. ಆದರೆ ಅಪಾಯ ಇದೆ. ನಾನಾಗಿದ್ರೆ ಇನ್ನೊಬ್ಬರನ್ನ ಕೇಳದೆ ಹಾಕ್ತಿರಲಿಲ್ಲ."

ಒಳಗೆ ಕಾಗದ ಮಗುಚಿದ ಸದ್ದಾಯಿತು. ಆಮೇಲೆ, "ಎಂಥ ಅಪಾಯ?" ಎಂದಿತು ಗಂಡಸಿನ ದನಿ. ಎಷ್ಟೋ ತಿಂಗಳ ಮೇಲೆ ಒಬ್ಬರು ಅವಳನ್ನು ಪ್ರಶ್ನೆ ಕೇಳಿದ್ದರು. ಅವಳು ಒಂದೊಂದಾಗಿ ಹೇಳುತ್ತ ಹೋದಳು. ಅವನೂ ಬಿಡಿಸಿ ಬಿಡಿಸಿ ಕೇಳಿದ.

"ಯಾರಮ್ಮ ನೀವು? ಮುಖ ತೋರಿಸಿ ಮಾತಾಡಿ."

ಒಳಗಿನಿಂದ ಬೆರಳುಗಳು ಪರದೆಯ ಅಂಚು ಹಿಡಿದವು. ಅವಳು ಹೊರಗಿನಿಂದ ಎರಡೂ ಕೈಯಲ್ಲಿ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಬೇಡ ಅಣ್ಣಾ. ನೋಡಿದ್ರೆ ನೀವು ಸಹಿ ಹಾಕಿಬಿಡ್ತೀರಿ."

ಬೆರಳುಗಳು ಸ್ವಲ್ಪ ಹೊತ್ತು ಅಲ್ಲೇ ಇದ್ದು, ಹಿಂದೆ ಸರಿದವು. ಮಧ್ಯಾಹ್ನ ಡ್ರೈವರ್ ಹೆಂಡತಿಯನ್ನು ಬೇರೆ ಕಡೆಗೆ ಕರೆದೊಯ್ದ. ಸಹಿಯಿಲ್ಲದ ಕಾಗದವನ್ನು ಸಿಸ್ಟರ್ ತಾನೇ ಸರ್ಜನ್ ಮೇಜಿನ ಮೇಲಿಟ್ಟು ಬಂದಳು.