ಗಾಜಿನ ಗಾಡಿಯ ಮುಂದಿನ ಸ್ಪ್ರಿಂಗು

ಮಧ್ಯಾಹ್ನ ಹನ್ನೆರಡಕ್ಕೆ ಗುಜರಿಯವನು ಬರುವವನಿದ್ದ. ಅಷ್ಟರೊಳಗೆ ಹಳೇ ಪಿಕಪ್ ನೆಟ್ಟಗೆ ನಿಲ್ಲಬೇಕು, ಇಲ್ಲದಿದ್ದರೆ ಅವನ ಹಿಂದೆ ಹೊರಡಬೇಕು. ಅಣ್ಣ ಕಡ್ಡಿ ಮುರಿದಂತೆ ಹೇಳಿದ್ದ. ತಂಗಿಯೂ ಹಟಕ್ಕೆ ಬಿದ್ದು ಆಗಲಿ ಎಂದಿದ್ದಳು.

ಅವರದು ಕಿಟಕಿ ಗಾಜಿನ ಅಂಗಡಿ. ಅಣ್ಣ ಅಳೆದು ಕತ್ತರಿಸುತ್ತಾನೆ, ತಂಗಿ ಒಯ್ದು ಚೌಕಟ್ಟಿಗೆ ಕೂರಿಸುತ್ತಾಳೆ. ಇಪ್ಪತ್ತು ವರ್ಷದಿಂದ ಗಾಜು ಹೊತ್ತದ್ದು ಈ ಪಿಕಪ್ಪೇ, ಅವಳು ಗಾಡಿ ಓಡಿಸಲು ಕಲಿತದ್ದೂ ಇದರಲ್ಲೇ. ಈಚೆಗೆ ಮುಂದಿನ ಸ್ಪ್ರಿಂಗುಗಳು ಸೋತು, ಏನನ್ನೋ ಬೀಳಿಸಿಕೊಂಡು ಹುಡುಕುವವರ ಹಾಗೆ ಅದು ಮೂತಿ ತಗ್ಗಿಸಿಕೊಂಡೇ ಓಡಾಡುತ್ತಿತ್ತು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ತೂರಿದರೆ ಹೆಚ್ಚು. ಹೋದ ವಾರ ಬೀದಿಯ ಕೊನೆಯ ರೋಡ್ ಹಂಪಿನ ಮೇಲೆ ದಡಕ್ಕೆಂದು ಕುಕ್ಕಿ, ಆಳುದ್ದದ ಗಾಜೊಂದು ಚೂರುಚೂರಾಯಿತು. ಅಣ್ಣನ ತಾಳ್ಮೆಯೂ ಅದರ ಜೊತೆಗೇ ಹೋಯಿತು.

“ಮುದಿ ಗಾಡಿಗೆ ಹೊಸ ಸ್ಪ್ರಿಂಗ್ ಹಾಕಿದ್ರೆ ಪ್ರಾಯ ಬಂದುಬಿಡುತ್ತಾ?” ಎಂದ.

“ನೀನು ಹೊಸ ಹಲ್ಲು ಕಟ್ಟಿಸ್ಕೊಂಡಾಗ ಯಾರಾದ್ರೂ ಹಾಗಂದ್ರಾ ಅಣ್ಣ?”

ಅಣ್ಣ ಅಳತೆ ಪಟ್ಟಿ ಎತ್ತಿಕೊಂಡು ಅಂಗಡಿಯೊಳಗೆ ನಡೆದ.

ಬೆಳಗ್ಗೆ ಏಳಕ್ಕೇ ಅವಳು ಗಾಡಿಯನ್ನು ಜಾಕಿನಲ್ಲಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿದಳು. ಸ್ಪ್ರಿಂಗನ್ನು ಅದುಮಿ ಹಿಡಿಯುವ ಉಪಕರಣವನ್ನು ಎರವಲು ಕೊಡುವಾಗ ಬಸ್ ಡಿಪೋದ ಮೆಕ್ಯಾನಿಕ್ಕೊಬ್ಬ, “ಅದುಮಿದ ಸ್ಪ್ರಿಂಗಿಗೆ ಎದುರು ನಿಲ್ಲಬೇಡಮ್ಮ, ಅದಕ್ಕೆ ಅಕ್ಕ ತಂಗಿ ಗೊತ್ತಾಗಲ್ಲ” ಎಂದು ಎಚ್ಚರಿಸಿದ್ದ. ಅವಳು ಪಕ್ಕಕ್ಕೆ ಕೂತು, ಉಸಿರು ಬಿಗಿಹಿಡಿದು ತಿರುಪು ತಿರುಗಿಸಿದಳು. ತುಕ್ಕು ಉದುರಿತು. ಹಳೇ ಸ್ಪ್ರಿಂಗು ಕೈಗೆ ಬಂತು! ಹೊಸದರ ಪಕ್ಕ ನಿಲ್ಲಿಸಿದರೆ ಮೂರು ಬೆರಳು ಗಿಡ್ಡ. ಅವಳಿಗೆ ಖುಷಿ ತಡೆಯಲಾಗಲಿಲ್ಲ.

“ಅಣ್ಣಾ, ಬಾರೋ ಇಲ್ಲಿ! ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ನೋಡು!”

“ಕನ್ನಡಿ ಬೇಕಿದ್ರೆ ಒಳಗೆ ಬೇಕಾದಷ್ಟಿವೆ. ಗಂಟೆ ನೋಡ್ಕೊ” ಎಂದ ಅಣ್ಣ. ಆದರೂ ಹೊರಗೆ ಬಂದು, ಬಗ್ಗಿ ನೋಡಿಯೇ ಹೋದ.

ಎರಡೂ ಕಡೆ ಹೊಸ ಸ್ಪ್ರಿಂಗು ಕೂತವು. ಅವಳು ಕೂರಿಸಿದ ಕಿಟಕಿ ಬಿರುಗಾಳಿಗೂ ಗಡಗಡ ಎನ್ನುವುದಿಲ್ಲವೆಂದು ಹೆಸರು. ಅದೇ ಹೆಮ್ಮೆಯಲ್ಲಿ ಚಕ್ರವನ್ನು ಗಾಡಿಗೆ ಹಿಡಿದಿಡುವ ಕೆಳಗಿನ ಕಬ್ಬಿಣದ ತೋಳಿನ ಬೋಲ್ಟುಗಳನ್ನು ಮೈಯೆಲ್ಲ ಭಾರ ಹಾಕಿ ಬಿಗಿದಳು. ಹನ್ನೊಂದೂ ಮುಕ್ಕಾಲಿಗೆ ಚಕ್ರ ಹಾಕಿ ಗಾಡಿಯನ್ನು ಕೆಳಗಿಳಿಸಿದಳು.

ಗಾಡಿ ಮೂಗೆತ್ತಿ ನಿಂತಿತು. ಸ್ಪ್ರಿಂಗಿನ ಜೊತೆ ಬಂದ ಚೀಟಿಯ ಪ್ರಕಾರ ಚಕ್ರದ ಮೇಲಿನ ಸಂದು ನಾಲ್ಕು ಬೆರಳಿರಬೇಕು, ಇದು ಆರು. ಬಾನೆಟ್ ಒತ್ತಿದರೆ ಗೋಡೆ ಒತ್ತಿದಂತೆ.

“ನೆಲ ಇಳಿಜಾರಿರಬೇಕು” ಎಂದಳು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!” ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟರಲ್ಲಿ ಗುಜರಿಯವನೂ ಹಗ್ಗದ ಸಮೇತ ಹಾಜರಾದ. ಹತ್ತು ನಿಮಿಷ ಮುಂಚೆ, ಪುಣ್ಯಾತ್ಮ! ಅವಳ ಕಣ್ಣು ತುಂಬಿ ಬಂತು.

“ಸಾಕು ಬಿಡೇ” ಎಂದ ಅಣ್ಣ, ಈ ಸಲ ಮೆತ್ತಗೆ. “ನೀನು ಕಿಟಕಿ ಕೂರಿಸೋಳು. ನಿನಗ್ಯಾಕೆ ಇದು?”

ಕಿಟಕಿ! ಅವಳು ತಲೆ ಚಚ್ಚಿಕೊಂಡಳು. ಗಾಜನ್ನು ಮೊದಲು ಚೌಕಟ್ಟಿನ ತಳದ ಮೇಲೆ ನಿಲ್ಲಿಸಬೇಕು, ಅದರ ಭಾರ ಕೂತ ಮೇಲೆ ತಿರುಪು ಬಿಗಿಯಬೇಕು. ಕೆಲಸಕ್ಕೆ ಬಂದವರಿಗೆಲ್ಲ ಇಪ್ಪತ್ತು ವರ್ಷದಿಂದ ಇದನ್ನೇ ಹೇಳಿಕೊಟ್ಟವಳು, ಇಲ್ಲಿ ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬೋಲ್ಟು ಬಿಗಿದಿದ್ದಳು. ತೋಳಿನ ಕೀಲಿನಲ್ಲಿರುವ ರಬ್ಬರ್ ಬುಷ್‌ಗಳು ಆ ಭಂಗಿಯಲ್ಲೇ ಸೆಟೆದುಕೊಂಡು ಗಾಡಿಯನ್ನು ಮೇಲಕ್ಕೇ ತಡೆದು ಹಿಡಿದಿದ್ದವು. ಆತುರಗಾರ್ತಿಗೆ ಬುದ್ಧಿ ಮಟ್ಟ!

ಸ್ಪ್ಯಾನರ್ ಹಿಡಿದು ಗಾಡಿಯಡಿ ತೂರಿ ಬೋಲ್ಟುಗಳನ್ನು ಸಡಿಲಿಸಿ ಬಂದಳು.

“ಇಬ್ರೂ ಬಂಪರ್ ಹತ್ತಿ ಕುಣೀರಿ!”

“ನಾನು ಗಾಡಿ ತಗೊಂಡು ಹೋಗಕ್ಕೆ ಬಂದೋನು ಅಕ್ಕಾ” ಎಂದ ಗುಜರಿಯವನು.

“ಮೊದಲು ಕುಣೀರಿ, ಆಮೇಲೆ ಮಾತು!”

ಇಬ್ಬರು ಗಂಡಸರು, ಒಬ್ಬನಿಗೆ ಅರವತ್ತು, ಇನ್ನೊಬ್ಬನಿಗೆ ದೊಡ್ಡ ಹೊಟ್ಟೆ, ಬಂಪರಿನ ಮೇಲೆ ಕುಣಿದರು. ಬೀದಿಗೆ ಬೀದಿಯೇ ನಿಂತು ನೋಡಿತು. ಕಿರ್ರ್ ಎಂದು ಗಾಡಿ ಇಳಿಯಿತು. ಅವರಿಬ್ಬರೂ ಕೆಳಗಿಳಿದ ಮೇಲೆ ಅವಳು ಸಂದಿಗೆ ಬೆರಳಿಟ್ಟಳು. ನಾಲ್ಕು! ಭಾರ ಚಕ್ರದ ಮೇಲಿರುವಂತೆಯೇ ಮತ್ತೆ ಅಡಿ ತೂರಿ, ಹಾಡಿಕೊಂಡು ಬೋಲ್ಟು ಬಿಗಿದಳು.

ಗಾಡಿಯ ಹಿಂದೆ ಇನ್ನೊಂದು ಆಳುದ್ದದ ಗಾಜನ್ನು ಕಟ್ಟಿದರು. ಅಣ್ಣ ಪಕ್ಕದಲ್ಲಿ ಕೂತು ಎರಡೂ ಕೈಯಲ್ಲಿ ಸೀಟು ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಗಾಡಿ ಹೊರಟಿತು. ಸ್ವಲ್ಪ ಎದ್ದಿತು, ಸ್ವಲ್ಪ ಇಳಿಯಿತು.

“ಹಂಪ್ ಬಂತೇನೇ?” ಎಂದ ಅಣ್ಣ ಕಣ್ಣು ಬಿಡದೆ.

“ಆಗಲೇ ದಾಟಿ ಆಯ್ತು.”

ಅಣ್ಣ ತಟ್ಟನೆ ಕಣ್ಣು ಬಿಟ್ಟು ಹಿಂದೆ ತಿರುಗಿದ. ಗಾಜು ಇಟ್ಟ ಹಾಗೇ ಇತ್ತು. ತಂಗಿಯ ಕಡೆ ನೋಡಿದ, ಗಂಟಲು ಸರಿಮಾಡಿಕೊಂಡ.

“ತಿರುಗಿಸು. ಇನ್ನೊಂದ್ಸಲ ಹೋಗೋಣ.”

ಅವರು ಮೂರನೇ ಸಲ ಹಂಪು ದಾಟುವ ಹೊತ್ತಿಗೆ, ಗುಜರಿಯವನು ಹಳೇ ಸ್ಪ್ರಿಂಗುಗಳೆರಡನ್ನೂ ಹೆಗಲಿಗೇರಿಸಿಕೊಂಡು, ಗಾಡಿಗೆ ದಾರಿ ಬಿಟ್ಟು ನಿಂತಿದ್ದ.