ಕರಾಚಿಯಿಂದ ಶಹಾಪುರಕ್ಕೆ ಎಷ್ಟು ತಾಸು

ಕರಾಚಿಯಿಂದ ಮುಂಬಯಿಗೆ ಐನೂರು ಮೈಲಿಯ ಮೇಲೆ. ವಿಮಾನಕ್ಕೆ ಮೂರೂವರೆ ತಾಸು. ಯಾದಗಿರಿ ಸ್ಟೇಶನ್ನಿನಿಂದ ಶಹಾಪುರಕ್ಕೆ ಇಪ್ಪತ್ತು ಮೈಲಿ. ನನ್ನ ಎತ್ತಿನ ಗಾಡಿಗೆ ಎಂಟು ತಾಸು. ಇದನ್ನು ಹೇಳಿದಾಗಲೆಲ್ಲ ನಮ್ಮ ಓಣಿಯ ಮೌಲಾಬಿ ನಗುತ್ತಿದ್ದಳು. ಮಲ್ಕಪ್ಪಣ್ಣಾ, ಸಮುದ್ರ ದಾಟೋದು ಸಸಾರ ಐತಿ, ನಿಮ್ಮ ಎತ್ತು ನಂಬೋದೇ ಕಷ್ಟ ಅನ್ನುತ್ತಿದ್ದಳು.

ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆಕ್ಷನ್ ಆದ ವರ್ಷ ಅವಳ ಒಬ್ಬನೇ ಮಗ ವಹಾಬನನ್ನು ಸೋದರಮಾವ ಕರಾಚಿಗೆ ಕರೆದುಕೊಂಡು ಹೋದ. ಅವತ್ತು ಸ್ಟೇಶನ್ನಿಗೆ ಬಿಟ್ಟು ಬಂದವನು ನಾನೇ. ತಿರುಗಿ ಬರಲು ಅವನಿಗೆ ಪರವಾನಗಿ ಸಿಗುವಷ್ಟರಲ್ಲಿ ಐದು ವರ್ಷ ಕಳೆದು, ಮೌಲಾಬಿ ಹಾಸಿಗೆ ಹಿಡಿದಿದ್ದಳು. ತಾರು ಬಂತು: ಬುಧವಾರ ವಿಮಾನ, ಅದೇ ರಾತ್ರಿ ಮುಂಬಯಿಯಿಂದ ಮೇಲ್ ಗಾಡಿ. ತಾರನ್ನು ದಿಂಬಿನ ಕೆಳಗಿಟ್ಟುಕೊಂಡು, ಅವನ ಮುಖ ನೋಡಿಯೇ ಹೋಗುತ್ತೇನೆ ಅಂದಳು. ಗುರುವಾರ ನಸುಕಿನಲ್ಲಿ ಹೋಗಿಬಿಟ್ಟಳು.

ಅಂಗಳದಲ್ಲಿ ಹಿರಿಯರು ಕೂತರು. ಮಣ್ಣು ಮಾಡುವುದನ್ನು ತಡ ಮಾಡಬಾರದೆಂಬುದು ಅವರ ಪದ್ಧತಿ. ಆದರೂ ಅವಳ ಮೈದುನ ಜಲಾಲುದ್ದೀನ ಕಣ್ಣೊರೆಸಿಕೊಂಡು, ಸಂಜೆಯೊಳಗೆ ಬರುವುದಾದರೆ ಕಾಯೋಣ, ಮಗ ತಾಯಿಯ ಮುಖ ನೋಡಲಿ ಎಂದ. ಎಲ್ಲರೂ ನನ್ನ ಕಡೆ ತಿರುಗಿದರು. ಇಪ್ಪತ್ತು ವರ್ಷ ಸ್ಟೇಶನ್ ದಾರಿ ಸವೆಸಿದವನು ನಾನು.

"ಮಲ್ಕಪ್ಪಾ, ಹುಡುಗ ಎಷ್ಟೊತ್ತಿಗೆ ಬರ್ತಾನ?"

ಮೇಲ್ ಯಾದಗಿರಿಗೆ ಬರುವುದು ಮಧ್ಯಾಹ್ನ ಹನ್ನೆರಡಕ್ಕೆ. ಅಲ್ಲಿ ನಿಂತ ಎತ್ತಿನ ಗಾಡಿಗಳಲ್ಲಿ ಯಾವುದನ್ನು ಹತ್ತಿದರೂ ಎಂಟು ತಾಸು.

ಬಸ್ಸೂ ಇತ್ತು. ಹೋದ ತಿಂಗಳಷ್ಟೇ ಶುರುವಾಗಿತ್ತು. ಮೇಲ್ ಬಂದ ಮೇಲೆ ಹೊರಟು ಎರಡು ತಾಸಿನಲ್ಲಿ ಶಹಾಪುರ ಮುಟ್ಟುತ್ತಿತ್ತು. ನಮ್ಮ ಓಣಿಯವರು ಯಾರೂ ಅದನ್ನಿನ್ನೂ ಹತ್ತಿರಲಿಲ್ಲ; ಅದರ ವೇಳೆ ಗೊತ್ತಿದ್ದವನು ನಾನೊಬ್ಬನೇ. ನನ್ನ ಗಿರಾಕಿಗಳನ್ನೆಲ್ಲ ತುಂಬಿಕೊಂಡು, ನನ್ನ ಎತ್ತುಗಳ ಮೂತಿಗೆ ಧೂಳು ಎರಚಿ ಹೋಗುತ್ತಿತ್ತು ದರಿದ್ರದ್ದು. ಅದರ ಹೆಸರೆತ್ತಲು ನಾಲಿಗೆ ಏಳಲಿಲ್ಲ. ಮೌಲಾಬಿಯ ಮಗ ಅಂಥದ್ದರಲ್ಲಿ ಯಾಕೆ ಬರುತ್ತಾನೆ, ಗಾಡಿಯಲ್ಲಿ ಹೋದವನು ಗಾಡಿಯಲ್ಲೇ ಬರುತ್ತಾನೆ ಅಂತ ನನಗೆ ನಾನೇ ಹೇಳಿಕೊಂಡೆ. ನನ್ನ ಹಟಕ್ಕೆ ಬೆಂಕಿ ಬೀಳಲಿ.

"ರಾತ್ರಿ ಎಂಟಾಗ್ತದರಿ" ಅಂದೆ.

ಜಲಾಲುದ್ದೀನ ತಲೆ ತಗ್ಗಿಸಿದ. ಮಧ್ಯಾಹ್ನದ ನಮಾಜು ಮುಗಿಸಿ ಅವಳನ್ನು ಹೊತ್ತೊಯ್ದರು. ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಅಲ್ಲಿ ನಿಲ್ಲಲು ಆಗಲಿಲ್ಲ, ಎಲ್ಲರಿಗಿಂತ ಮೊದಲೇ ಹೊರಟೆ.

ಊರ ಅಗಸಿ ಬಾಗಿಲ ಹತ್ತಿರ ಬಸ್ಸು ಬಂದು ನಿಂತಿತು. ಕಂಡಕ್ಟರನ ಹಿಂದೆ, ಟ್ರಂಕು ಹಿಡಿದ ಒಬ್ಬ ಗಡ್ಡದ ಯುವಕ ಇಳಿದ. ನನ್ನನ್ನು ನೋಡಿದವನೇ ಟ್ರಂಕನ್ನು ನೆಲಕ್ಕಿಟ್ಟು ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ವಹಾಬ. ಮೀಸೆ ಮೂಡದ ಹುಡುಗನಾಗಿ ಹೋದವನು.

"ಸ್ಟೇಶನ್ನಿನಾಗ ನಿಮ್ಮ ಗಾಡೀನೇ ಹುಡುಕಿದೆ ಕಾಕಾ. ಇರಲಿಲ್ಲ. ಅದಕ್ಕ ಬಸ್ ಹತ್ತಿದೆ. ಅಮ್ಮಿ ಎಚ್ಚರ ಅದಾಳಲ್ರಿ?"

ನನ್ನ ಕೈಗಳನ್ನು ಅವನು ಬಿಟ್ಟಿರಲಿಲ್ಲ. ಅವಳ ಗೋರಿಯ ಹಸಿ ಮಣ್ಣು ಅವನ ಬೆರಳಿಗೂ ಮೆತ್ತಿಕೊಂಡಿತ್ತು.