ಡ್ರೈವರ್ ಸೀಟಿನ ಅಳತೆ

ಗುಡ್ಡದ ಮೇಲಿನ ಗಣಿಗೆ ನೀರು, ಡೀಸೆಲ್, ದಿನಸಿ ಹೊತ್ತು ಹತ್ತುತ್ತಿದ್ದ ಆ ಹಳೆಯ ಟ್ರಕ್ಕಿಗೆ ನಾಲ್ಕೂ ಚಕ್ರ ಎಳೆಯುವ ಶಕ್ತಿಯಿತ್ತು, ಅದನ್ನು ಓಡಿಸುತ್ತಿದ್ದ ಘಾಟಿಯಕ್ಕನಿಗೆ ನಾಲ್ಕಾಳಿನ ಬಾಯಿಯಿತ್ತು. ಹೆಸರಿಟ್ಟವರು ಗಣಿಯವರೇ. ಹೋದ ವರ್ಷ ಡ್ರಮ್ಮು ಇಳಿಸುವಾಗ ಜಾರಿ ಬಿದ್ದು ಅವಳ ಎಡಮಂಡಿ ಮುರಿಯಿತು. ಅವಳು ಹಾಸಿಗೆ ಹಿಡಿದಿದ್ದಾಗಲೇ ಟ್ರಕ್ಕಿನ ಎಂಜಿನ್ನೂ ಕೈಕೊಟ್ಟಿತು. ಮೂಳೆ ಕೂಡಿತು, ನಡೆಯಲೂ ಬಂತು. ಆದರೆ ತಿರುವು ತಿರುವಿಗೂ ಕ್ಲಚ್ಚು ಒತ್ತುವ ಕಸುವು ಆ ಕಾಲಿಗೆ ಇನ್ನು ಬರುವುದಿಲ್ಲವೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಸ್ಟೀರಿಂಗು ಹಿಡಿಯದ ಬದುಕು ಹೇಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಹೀಗಿರುವಾಗ ಅವಳ ಗಂಡ, ಗ್ಯಾರೇಜಿನ ಮೇಸ್ತ್ರಿ, ಗುಜರಿಯಿಂದ ದೊಡ್ಡ ಕಾರಿನ ಡೀಸೆಲ್ ಎಂಜಿನ್ನೊಂದನ್ನು ಅದರ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಸಮೇತ ತಂದ. ನೋಡಿ ಅವಳಿಗೆ ಅಳುವೇ ಬಂತು. ಕ್ಲಚ್ಚೇ ಇಲ್ಲ! ಬಲಗಾಲೊಂದಿದ್ದರೆ ಸಾಕು. ಹೇಳದೆಯೇ ಸಂಕಟ ತಿಳಿಯುವ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಅಂತ ಒಳಗೊಳಗೇ ಬೀಗಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ.

ಆಮೇಲೆ ಗಂಡನೂ ಮೈದುನನೂ ತಿಂಗಳುಗಟ್ಟಲೆ ಅಳೆದರು, ಸುರಿದರು. ಗ್ಯಾರೇಜಿನ ನೆಲದ ತುಂಬ ಸೀಮೆಸುಣ್ಣದ ಗೆರೆಗಳು. ಅವಳು ಕೇಳಿದಾಗಲೆಲ್ಲ, “ಮುಗೀಲಿ, ಆಮೇಲೆ ಬಂದು ನೋಡು” ಅನ್ನುವ ಉತ್ತರ. ಇವತ್ತು ತಡೆಯಲಾರದೆ ತಾನೇ ಬಂದಳು.

ಎಂಜಿನ್ನು ಸರಪಳಿಯಲ್ಲಿ ನೇತಾಡುತ್ತಿತ್ತು. ಆದರೆ ಅದರ ಬೆನ್ನಿಗೆ ಬೋಲ್ಟು ಮಾಡಿದ್ದದ್ದು ಬೇರೆಯೇ ಗೇರ್‌ಬಾಕ್ಸು, ಕ್ಲಚ್ಚಿನದು. ಆಟೊಮ್ಯಾಟಿಕ್ಕು ಮೂಲೆಯಲ್ಲಿ ಗೋಣಿಚೀಲ ಹೊದ್ದು ಬಿದ್ದಿತ್ತು.

“ಅದ್ಯಾಕ್ರೀ ಮೂಲೆ ಸೇರಿದೆ?”

“ಅದು ತುಂಬ ಉದ್ದ ಕಣೆ,” ಅಂದ ಮೇಸ್ತ್ರಿ. “ಹಾಕಿದ್ರೆ ಹಿಂದಿನ ಚಕ್ರಕ್ಕೆ ಹೋಗೋ ಶಾಫ್ಟು ಗಿಡ್ಡ ಆಗುತ್ತೆ. ಗಾಡಿ ಗಡಗಡ ಅಲ್ಲಾಡುತ್ತೆ.”

ಅವಳು ಹಿಡಿಕೆ ಹಿಡಿದು ಕ್ಯಾಬಿನ್ನು ಹತ್ತಿ, ತನ್ನ ಸೀಟಿನಲ್ಲಿ ಕೂತಳು. ಬಲಗಾಲು ಚಾಚಿದಳು. ಆಕ್ಸಿಲರೇಟರು ಸಿಗಲಿಲ್ಲ. ಬಗ್ಗಿ ನೋಡಿದರೆ ಸೀಟನ್ನು ಒಂದು ಗೇಣು ಹಿಂದಕ್ಕೆ ಸರಿಸಿ, ನೆಲದ ತಗಡಿಗೆ ಹೊಸ ತೂತು ಕೊರೆದಿದ್ದರು. ಮೈದುನ ತೆಂಗಿನ ಮರದಷ್ಟು ಉದ್ದ. ಅವನ ಕಾಲಿಗೆ ಸರಿಯಾಗಿತ್ತು.

ಪಿತ್ತ ನೆತ್ತಿಗೇರಿತು.

“ರೀ! ಈ ಸೀಟು ಯಾರ ಕಾಲಿಗೆ ಅಳೆದಿದ್ದು?”

ಮೇಸ್ತ್ರಿ ಒರೆಸಿದ ಕೈಯನ್ನೇ ಮತ್ತೆ ಒರೆಸಿದ. “ಇನ್ಮೇಲೆ ತಮ್ಮ ಓಡಿಸ್ತಾನೆ. ನೀನು ದುಡಿದಿದ್ದು ಸಾಕು ಅಂತ...”

“ಸಾಕು ಅಂತ ನಾನು ಅಂದ್ನಾ?”

“ನಿನ್ನ ಒಳ್ಳೇದಕ್ಕೇ ಕಣೆ.”

ಒಳ್ಳೇದಂತೆ ಒಳ್ಳೇದು! ಎಂಜಿನ್ನು ಎಲ್ಲಿ ಕೂರಬೇಕು, ರೇಡಿಯೇಟರಿಗೆ ಎಷ್ಟು ಗಾಳಿ ಬೇಕು, ಕೊನೆಗೆ ಹಾರ್ನಿನ ವೈರು ಎಲ್ಲಿ ಹಾಯಬೇಕು, ಎಲ್ಲಕ್ಕೂ ಟೇಪು ಹಿಡಿದ ಈ ಮಹಾನುಭಾವರಿಗೆ, ಗಾಡಿಯವಳನ್ನು ಒಂದು ಮಾತು ಕೇಳಲು ಮಾತ್ರ ನಾಲಿಗೆ ಹೊರಳಲಿಲ್ಲ. ಮಗಳು ಅಂಬೆಗಾಲಿಡುತ್ತಿದ್ದ ಕಾಲದಿಂದ ಆ ಗುಡ್ಡ ಹತ್ತಿದವಳು ಅವಳು. ಒಂದು ಸಲ ಬಿದ್ದದ್ದೇ ತಡ, ಮನೆಯ ಮೂಲೆಗೆ ಜಾಗ ಗೊತ್ತು ಮಾಡಿದ್ದರು.

“ಶಾಫ್ಟು ಗಿಡ್ಡ ಆದ್ರೆ ಎಂಜಿನ್ನು ಮುಂದಕ್ಕೆ ತಳ್ಳಿ,” ಎಂದು ಕೂಗಿದಳು. “ಮುಂದುಗಡೆ ನಾಯಿ ಮಲಗೋಷ್ಟು ಜಾಗ ಇದೆ!”

ಟ್ರಕ್ಕಿನ ಅಡಿಯಿಂದ ಮೈದುನನ ದನಿ ಬಂತು. “ಅತ್ತಿಗೆ, ರೇಡಿಯೇಟರ್ ಸರಿಸಿದ್ರೆ ಆಗುತ್ತೆ ಅಂತ ನಾನು ಮೊದ್ಲೇ ಹೇಳ್ದೆ. ಅಣ್ಣನೇ ಬೇಡ ಅಂದ.”

ಅಂದರೆ ಶಾಫ್ಟಿನ ಕಥೆಯೂ ಬರೀ ಬೊಗಳೆ. ಅವಳು ಗಂಡನನ್ನು ದುರುಗುಟ್ಟಿ ನೋಡಿದಳು. ಅವನ ಮುಖ ಕೆಂಪಾಯಿತು.

“ಹೌದು, ಬೇಡ ಅಂದೆ!” ಅವನೂ ಸಿಡಿದ. “ಅವತ್ತು ನೀನು ಚೀರ್ತಿದ್ದೆ. ಎತ್ಕೊಂಡು ಬಂದೋನು ನಾನು. ಇನ್ನೊಂದು ಸಲ ನನ್ನ ಕೈಲಾಗಲ್ಲ.”

ಅವಳು ಎಡಮಂಡಿ ಸವರಿಕೊಂಡಳು. ಸಿಟ್ಟು ಮಾತ್ರ ಇಳಿಯಲಿಲ್ಲ.

“ಹೆದರಿಕೆ ನಿಮ್ಮದು,” ಅಂದಳು. “ಅದಕ್ಕೆ ಮನೇಲಿ ಕೂತು ಕೊಳೆಯೋಳು ನಾನಾ?”

ಮೇಸ್ತ್ರಿ ಸ್ಪ್ಯಾನರು ಎತ್ತಿಕೊಂಡು ಹೋಗಿ, ತಾನೇ ಬಿಗಿದಿದ್ದ ಕ್ಲಚ್ಚಿನ ಗೇರ್‌ಬಾಕ್ಸಿನ ಮೊದಲ ಬೋಲ್ಟು ಸಡಿಲಿಸಿದ.

“ಮೊದಲ ಟ್ರಿಪ್ಪಿಗೆ ನಾನೂ ಬರ್ತೀನಿ,” ಅಂದ, ತಲೆಯೆತ್ತದೆ. “ಪಕ್ಕದಲ್ಲಿ ಕೂತಿರ್ತೀನಿ.”

“ಬನ್ನಿ. ಆದ್ರೆ ನಿಧಾನ ಅಂತ ಒಂದು ಮಾತು ಬಾಯಿಂದ ಬಂತೋ, ಗುಡ್ಡದ ಅರ್ಧದಲ್ಲೇ ಇಳಿಸಿ ಹೋಗ್ತೀನಿ.”